ಏನೂ ಇಲ್ಲವೆಂದು ನಾನು ಬರೆದ ಕಾಲು

ಕೊರೊನಾ ಕಾಲದ ಮಾಸ್ಕುಗಳು ಗಂಗಾವತಿಯ ಬೀದಿಗಳಿಂದ ಮಾಯವಾದ ಮರುವರ್ಷದ ಮಾತು. ನಾನು ಆಗ ಅಲ್ಲಿನ ಒಂದು ಖಾಸಗಿ ಸ್ಕ್ಯಾನಿಂಗ್ ಕೇಂದ್ರದಲ್ಲಿ ರೇಡಿಯಾಲಜಿಸ್ಟ್ ಆಗಿದ್ದೆ. ಎಕ್ಸ್‌ರೇ, ಸಿ.ಟಿ., ಎಂ.ಆರ್.ಐ. ಚಿತ್ರಗಳನ್ನು ನೋಡಿ ದೇಹದ ಒಳಗೆ ಏನಾಗಿದೆ ಎಂದು ಬರೆದುಕೊಡುವುದು ನನ್ನ ಕೆಲಸ. ಔಷಧ ಕೊಡುವವರು, ಆಪರೇಷನ್ ಮಾಡುವವರು ಬೇರೆ ಇದ್ದರು. ಹಾಗಾಗಿ ಊರಿನ ಜನರಿಗೆ ನನ್ನ ಸಹಿ ಗೊತ್ತಿತ್ತೇ ಹೊರತು ಮುಖ ಗೊತ್ತಿರಲಿಲ್ಲ. ಇಪ್ಪತ್ತೆರಡು ವರ್ಷ ಹೀಗೆಯೇ ಕಳೆದಿದ್ದವು. ಒಪ್ಪಿಕೊಳ್ಳಬೇಕು, ಅದು ನನಗೆ ಹಿತವಾಗಿಯೇ ಇತ್ತು.

ವರದಿ ಬರೆಯುವ ನನ್ನ ಕೋಣೆಯಲ್ಲಿ ಹಗಲು ಎಂಬುದಿರಲಿಲ್ಲ. ಕಿಟಕಿಗೆ ಕಪ್ಪು ಪರದೆ, ಎದುರಿಗೆ ಎರಡು ಮಾನಿಟರ್, ಒಂದೇ ಸಮನೆ ಗುಂಯ್‌ಗುಡುವ ಏ.ಸಿ. ಬೂದುಬಣ್ಣದ ಚಿತ್ರಗಳು ಒಂದಾದ ಮೇಲೊಂದು ಬಂದು ಹೋಗುತ್ತಿದ್ದವು. ಎಲುಬು ಬೆಳ್ಳಗೆ, ಗಾಳಿ ಕಪ್ಪಗೆ, ಉಳಿದದ್ದೆಲ್ಲ ನಡುವೆ ಎಲ್ಲೋ. ನಾಲ್ಕೈದು ತಾಸು ಹಾಗೆ ಕೂತರೆ ಎಚ್ಚರಕ್ಕೂ ನಿದ್ದೆಗೂ ನಡುವಿನ ಒಂದು ಮಂಪರು ಹತ್ತುತ್ತಿತ್ತು. ಆ ಮಂಪರಿನಲ್ಲೂ ನನ್ನ ಕಣ್ಣು ತಪ್ಪುವುದಿಲ್ಲ ಎಂದು ನಾನು ನಂಬಿದ್ದೆ. ಸಂಜೆ ಹೊರಗೆ ಬಂದರೆ ಕಾಲುವೆಯ ನೀರು, ಗದ್ದೆಯ ಹಸಿರು, ಅಂಗಡಿಗಳ ಬೋರ್ಡು ಎಲ್ಲಕ್ಕೂ ಯಾರೋ ಅತಿಯಾಗಿ ಬಣ್ಣ ಬಳಿದಂತೆ ಕಾಣುತ್ತಿತ್ತು. ಕಾರಿನಲ್ಲಿ ಕೂತು ಒಂದು ನಿಮಿಷ ಕಣ್ಣು ಮುಚ್ಚಿಕೊಂಡು ಆಮೇಲೆ ಹೊರಡುತ್ತಿದ್ದೆ.

ಹುಲಿಗೆಮ್ಮ ಆ ಕೋಣೆಯ ಬಾಗಿಲು ತಳ್ಳಿಕೊಂಡು ಬಂದದ್ದು ಆಗಸ್ಟ್ ತಿಂಗಳ ಒಂದು ಮಧ್ಯಾಹ್ನ. ರೋಗಿಗಳು ಅಲ್ಲಿಗೆ ಬರುವ ಪದ್ಧತಿಯಿಲ್ಲ. ಅವಳ ಹಿಂದೆಯೇ ನಮ್ಮ ಎಕ್ಸ್‌ರೇ ಟೆಕ್ನಿಶಿಯನ್ ಖಾಜಾಸಾಬರು ಓಡಿಬಂದರು. ಐವತ್ತು ದಾಟಿದ, ಹೊಟ್ಟೆ ಬಂದ ಮನುಷ್ಯ. ಅವರು ಓಡಿದ್ದನ್ನು ನಾನು ನೋಡಿದ್ದೇ ಅಂದು.

"ಬ್ಯಾಡ ಅಂದ್ರೂ ಕೇಳಲಿಲ್ರಿ ಸಾಹೇಬ್ರ. ಬರದಾವ್ರನ್ನ ನೋಡೇ ಹೋಗತೀನಿ ಅಂತ ಹಟಾ ಹಿಡದಾರ."

ನಲವತ್ತರ ಆಸುಪಾಸಿನ ಹೆಂಗಸು. ಗಟ್ಟಿ ಮೈಕಟ್ಟು, ಬಿಸಿಲಿಗೆ ಕಂದಿದ ಮುಖ. ಕೈಯಲ್ಲಿ ನಾಲ್ಕು ಮಡಿಕೆಯಾದ ಕಾಗದವಿತ್ತು, ಅದರ ಅಂಚಿಗೆ ಒಣಗಿದ ಕೆಸರು.

"ಇದನ್ನ ಬರದಾವ್ರು ನೀವ ಏನ್ರಿ?"

ಬಿಚ್ಚಿ ನೋಡಿದೆ. ಬಲಗಾಲಿನ ಪಾದದ ಕೀಲಿನ ಎಕ್ಸ್‌ರೇ. ಗಮನಿಸಬೇಕಾದ ದೋಷವೇನೂ ಇಲ್ಲ ಎಂದು ಇಂಗ್ಲಿಷಿನಲ್ಲಿ ಒಂದು ಸಾಲು, ಕೆಳಗೆ ನನ್ನ ಸಹಿ. ಹೌದು ಎಂದೆ.

"ಹಂಗಾರ ಇದನ್ನ ಹೊಡದು ಹಾಕ್ರಿ. ನನಗ ಔಷಧ ಬ್ಯಾಡ, ಇನ್ನೊಂದು ಫೋಟೋನೂ ಬ್ಯಾಡ. ಇದೊಂದು ಸಾಲು ಹೊಡದು ಹಾಕಿ ಕೊಡ್ರಿ ಸಾಕು."

ನನಗೆ ಸಿಟ್ಟು ಬಂತು. ಮುಖ ಯಾರಿಗೂ ಗೊತ್ತಿಲ್ಲದವನಿಗೆ ಸಹಿಯೇ ಮರ್ಯಾದೆ. ಬರೆದದ್ದನ್ನು ಹಾಗೆಲ್ಲ ಹೊಡೆದು ಹಾಕಲು ಬರುವುದಿಲ್ಲ ಎಂದು ಬಿರುಸಾಗಿಯೇ ಹೇಳಿದೆ. ಅವಳು ಹೋಗಲಿಲ್ಲ. ಗೋಡೆಗೆ ಸರಿಸಿಟ್ಟಿದ್ದ ಸ್ಟೂಲನ್ನು ತಾನೇ ಎಳೆದುಕೊಂಡು ಕೂತಳು.

ಅವಳು ಗಂಗಾವತಿ ಹತ್ತಿರದ ಮರಳಿ ಎಂಬ ಊರಿನವಳು. ಹನ್ನೆರಡು ಹೆಂಗಸರ ಒಂದು ನಾಟಿ ಗುಂಪು. ಕಾಲುವೆಗೆ ನೀರು ಬಿಟ್ಟ ಮೇಲೆ ಒಂದು ಗದ್ದೆಯಿಂದ ಇನ್ನೊಂದು ಗದ್ದೆಗೆ ಹೋಗಿ ಭತ್ತದ ಸಸಿ ಹಚ್ಚುವುದು ಅವರ ಕೆಲಸ. ಗುಂಪಿನ ಮುಂದಾಳು ಅವಳ ನೆಗೆಣ್ಣಿ ದ್ಯಾವಮ್ಮ, ಅಂದರೆ ಗಂಡನ ಅಣ್ಣನ ಹೆಂಡತಿ. ನಾಲ್ಕು ವರ್ಷದ ಹಿಂದೆ ಸಸಿಯ ಹೊರೆ ಹೊತ್ತು ಬದುವಿನ ಮೇಲೆ ಬರುವಾಗ ಹುಲಿಗೆಮ್ಮನ ಬಲಗಾಲು ಜಾರಿ, ಬೆರಳು ಕೆಳಗಾಗಿ ಪಾದ ಒಳಮುಖವಾಗಿ ತಿರುಚಿತ್ತು. ಬಾವು ತಿಂಗಳಲ್ಲಿ ಇಳಿಯಿತು. ನೋವು ಮಾತ್ರ ಪ್ರತಿ ನಾಟಿಗೂ ಬರುತ್ತಿತ್ತು, ವರ್ಷದಿಂದ ವರ್ಷಕ್ಕೆ ಹೆಚ್ಚುತ್ತಿತ್ತು.

ನಾಟಿಯಲ್ಲಿ ಒಬ್ಬೊಬ್ಬರಿಗೂ ಗದ್ದೆಯ ಒಂದೊಂದು ಉದ್ದನೆಯ ಪಟ್ಟಿ. ಎಲ್ಲರೂ ಸಮನಾಗಿ ಸಾಗಬೇಕು. ಒಬ್ಬಳು ತಡಮಾಡಿದರೆ ಎರಡೂ ಪಕ್ಕದವರು ಹಚ್ಚಿಕೊಂಡು ಹೋಗಿಬಿಡುತ್ತಾರೆ, ತಡಮಾಡಿದವಳು ಹಸಿರಿನ ನಡುವೆ ಬೋಳು ಕೆಸರಿನ ಓಣಿಯಲ್ಲಿ ಒಂಟಿಯಾಗಿ ಉಳಿಯುತ್ತಾಳೆ. ಅವಳ ಪಾಲನ್ನು ಉಳಿದವರು ಬಂದು ಮುಗಿಸಬೇಕು. ಹುಲಿಗೆಮ್ಮ ಹೀಗೆ ಉಳಿಯತೊಡಗಿದಾಗ ದ್ಯಾವಮ್ಮನೇ ಎಕ್ಸ್‌ರೇ ತೆಗೆಸಿಕೊಂಡು ಬಾ ಎಂದು ಕಳಿಸಿದ್ದಳು. ಹಿಂದಿನ ವರ್ಷ ಒಮ್ಮೆ, ಈ ವರ್ಷ ಇನ್ನೊಮ್ಮೆ. ಎರಡೂ ಸಲ ನನ್ನ ವರದಿ ಒಂದೇ. ಊರಲ್ಲಿ ಇಂಗ್ಲಿಷ್ ಬಲ್ಲವರೊಬ್ಬರು ಗುಂಪಿನ ಎದುರು ಅದನ್ನು ಓದಿ, ಏನೂ ಇಲ್ಲವಂತೆ ಎಂದು ಹೇಳಿದ್ದರು.

"ಅವತ್ತಿನಿಂದ ಕಳ್ಳಬ್ಯಾನಿ ಹುಲಿಗಿ ಅಂತ ಹೆಸರಿಟ್ಟಾರ್ರೀ ನನಗ. ಸಾಲಿನಿಂದ ತಗದು ಸಸಿ ಹೊರಾಕ ಹಚ್ಯಾರ. ನಮ್ಮಕ್ಕ ದ್ಯಾವಮ್ಮ ಎಂಟು ದಿನಾತು, ನನ್ನ ಕೂಡ ಮಾತ ಬಿಟ್ಟಾಳ. ಕಾಲಿಂದು ಇರಲಿ ಬಿಡ್ರಿ, ಹೆಂಗರ ತಡಕೋತೀನಿ. ಮೈಗಳ್ಳಿ ಅನಿಸಿಕೊಂಡು ಆ ಗದ್ದ್ಯಾಗ ಹ್ಯಾಂಗ ಇಳೀಲಿ ನಾ?"

ನನ್ನ ಸಿಟ್ಟು ಎಲ್ಲಿ ಹೋಯಿತೋ ತಿಳಿಯಲಿಲ್ಲ. ಎಲುಬು ಮುರಿದಿಲ್ಲ ಎಂದು ಧೈರ್ಯ ಹೇಳಲು ಬರೆದ ಒಂದು ಸಾಲು, ಮರಳಿಯ ಗದ್ದೆಯಲ್ಲಿ ಒಬ್ಬ ಹೆಂಗಸಿನ ಮೇಲೆ ಸಾಕ್ಷಿ ಹೇಳುತ್ತಿತ್ತು.

ಅವಳ ಹಳೆಯ ಎಕ್ಸ್‌ರೇಗಳನ್ನು ಮಾನಿಟರಿಗೆ ಕರೆಸಿದೆ. ಪಾದದ ಕೀಲಿನಲ್ಲಿ ಟೇಲಸ್ ಎಂಬ ಎಲುಬೊಂದಿದೆ. ಮೇಲಿನಿಂದ ಬರುವ ಕಾಲಿನ ಎಲುಬುಗಳು ಅದರ ಗುಂಡನೆಯ ನೆತ್ತಿಯ ಮೇಲೆ ಕೂತಿರುತ್ತವೆ. ದೇಹದ ಭಾರವೆಲ್ಲ ಅಲ್ಲಿಗೇ. ಆ ನೆತ್ತಿಗೆ ಕಾರ್ಟಿಲೇಜ್ ಎಂಬ ನುಣುಪು ಹೊದಿಕೆಯಿದೆ. ಎಕ್ಸ್‌ರೇಯಲ್ಲಿ ಕಾರ್ಟಿಲೇಜ್ ಕಾಣುವುದಿಲ್ಲ, ಅದರ ಅಡಿಯ ಎಲುಬು ಮಾತ್ರ ಕಾಣುತ್ತದೆ. ಮುಂದಿನಿಂದ, ಪಕ್ಕದಿಂದ, ಕಾಲನ್ನು ಹದಿನೈದು ಡಿಗ್ರಿ ಒಳಕ್ಕೆ ತಿರುಗಿಸಿ, ಹೀಗೆ ಮೂರು ಚಿತ್ರಗಳಿದ್ದವು. ಮೂರರಲ್ಲೂ ಟೇಲಸ್ಸಿನ ಗೆರೆ ಸ್ವಚ್ಛವಾಗಿತ್ತು.

ನಡೆಯುವಾಗ ನೋವಿದೆಯೇ ಎಂದು ಕೇಳಿದೆ. ಇಲ್ಲ ಎಂದಳು. ಮೆಟ್ಟಿಲು?

"ಹ್ವಾದ ವರ್ಷ ಅಂಜನಾದ್ರಿ ಹತ್ತಿ ಬಂದೀನ್ರಿ. ಹತ್ತಾಗ ಏನೂ ಇದ್ದಿಲ್ಲ. ಇಳಿಯಾಗ ಜರಾ ಹಿಡೀತು."

ಆ ಬೆಟ್ಟದ ಐನೂರಕ್ಕೂ ಮಿಕ್ಕಿದ ಮೆಟ್ಟಿಲು ಇಳಿದರೆ ಯಾರಿಗಾದರೂ ಹಿಡಿಯುತ್ತದೆ ಎಂದು ಆ ಮಾತನ್ನು ಬಿಟ್ಟುಬಿಟ್ಟೆ. ಬಿಡಬಾರದಿತ್ತು.

"ಮತ್ತ ಯಾವಾಗ ನೋವು?"

"ಸಸಿ ಹಚ್ಚಾಗ. ಅದ ಹೇಳಾಕತ್ತೀನಲ್ರಿ."

"ಹಚ್ಚಿ ತೋರಸ್ರಿ ನೋಡೋಣು."

ಖಾಜಾಸಾಬರು ನನ್ನ ಮುಖ ನೋಡಿದರು. ಹುಲಿಗೆಮ್ಮ ಎದ್ದು ಸೆರಗು ಸಿಕ್ಕಿಸಿ, ಸೀರೆಯನ್ನು ಮೊಣಕಾಲಿನವರೆಗೆ ಎತ್ತಿ ಕಟ್ಟಿದಳು. ನನ್ನ ಮೇಜಿನ ಹತ್ತಿರ ನಿಂತು ಬಗ್ಗಿದಳು. ಎಡಗೈಯಲ್ಲಿ ಇಲ್ಲದ ಸಸಿಯ ಕಟ್ಟು, ಬಲಗೈ ಅದರಿಂದ ಎರಡೆರಡು ಎಳೆ ತೆಗೆದು ನೆಲಕ್ಕೆ ಒತ್ತುತ್ತಿತ್ತು. ಮಾನಿಟರಿನ ಬೂದು ಬೆಳಕು ಟೈಲ್ಸಿನ ಮೇಲೆ ಬಿದ್ದು ನೆಲ ನೀರು ನಿಂತಂತೆ ಹೊಳೆಯುತ್ತಿತ್ತು. ಏ.ಸಿ.ಯ ಸದ್ದು ಕಾಲುವೆಯ ಸದ್ದಿನಂತೆ ಕೇಳತೊಡಗಿತು. ಅವಳು ಕಣ್ಣು ಅರೆಮುಚ್ಚಿದ್ದಳು. ನಾವಿಬ್ಬರು ಅಲ್ಲಿರುವುದನ್ನೇ ಮರೆತಿದ್ದಳು ಎಂದು ಕಾಣುತ್ತದೆ. ನನಗೂ ಒಂದು ಗಳಿಗೆ ನಾನು ಎಲ್ಲಿದ್ದೇನೆ ಎಂಬುದು ಮಸುಕಾಯಿತು. ಅವಳು ನನ್ನಿಂದ ದೂರ ಸರಿಯುತ್ತಿದ್ದಳು, ಆದರೆ ಮುಖ ನನ್ನ ಕಡೆಗೇ ಇತ್ತು. ಅದು ಯಾಕೆ ವಿಚಿತ್ರವಾಗಿ ಕಾಣುತ್ತಿದೆ ಎಂದು ಹೊಳೆಯಲು ನನಗೆ ಸ್ವಲ್ಪ ಹೊತ್ತು ಹಿಡಿಯಿತು.

"ಹಿಂದಕ್ಕ ಯಾಕ ಹೊಂಟೀರಿ?"

ಅವಳು ಬಗ್ಗಿದಲ್ಲೇ ತಲೆಯೆತ್ತಿ, ಇದೆಂಥ ಡಾಕ್ಟರ್ ಎಂಬಂತೆ ನೋಡಿದಳು. "ಮುಂದ ಹ್ವಾದ್ರ ಹಚ್ಚಿದ ಸಸಿ ತುಳದಂಗ ಆಗಂಗಿಲ್ಲೇನ್ರಿ?"

ಖಾಜಾಸಾಬರು ಕಿಸಕ್ಕನೆ ನಕ್ಕರು. ನಾನು ಯಲಬುರ್ಗಾದ ಕಡೆಯವನು. ನಮ್ಮದು ಮಳೆ ನಂಬಿದ ಕಪ್ಪು ಭೂಮಿ. ಎತ್ತಿನ ಹಿಂದೆ ಬಿತ್ತುವ ಕೂರಿಗೆ, ಕೂರಿಗೆಯ ಹಿಂದೆ ಮನುಷ್ಯ, ಎಲ್ಲರೂ ಮುಂದಕ್ಕೇ ಹೋಗುತ್ತಾರೆ. ಇಪ್ಪತ್ತೆರಡು ವರ್ಷ ಗದ್ದೆಗಳ ಪಕ್ಕದಲ್ಲೇ ಕಾರು ಓಡಿಸಿದ್ದೆ. ಬಗ್ಗಿದ ಹೆಂಗಸರ ಸಾಲುಗಳನ್ನು ಎಷ್ಟು ಸಲ ನೋಡಿದ್ದೆನೋ. ಅವರು ಯಾವ ಕಡೆಗೆ ಸಾಗುತ್ತಾರೆ ಎಂಬುದನ್ನು ಒಮ್ಮೆಯೂ ಗಮನಿಸಿರಲಿಲ್ಲ.

ಇನ್ನೊಮ್ಮೆ ಮಾಡಿ ಎಂದೆ. ಈ ಸಲ ಪಾದವನ್ನಷ್ಟೇ ನೋಡಿದೆ. ಹಿಂದಕ್ಕೆ ಹೆಜ್ಜೆಯಿಡುವಾಗ ಮೊದಲು ಬೆರಳು ಊರುತ್ತಿದ್ದಳು, ಹಿಮ್ಮಡಿ ಮೇಲೆಯೇ ಇರುತ್ತಿತ್ತು, ಅದೇ ಭಂಗಿಯಲ್ಲಿ ಮೈಭಾರ ಬೀಳುತ್ತಿತ್ತು. ಹಿಮ್ಮಡಿ ಮೇಲಿದ್ದಾಗ ಟೇಲಸ್ಸಿನ ನೆತ್ತಿ ಮುಂದಕ್ಕೆ ಉರುಳುತ್ತದೆ, ಅದರ ಹಿಂಭಾಗಕ್ಕೆ ಭಾರ ಬೀಳುತ್ತದೆ. ನಾವು ಚಿತ್ರ ತೆಗೆಯುವಾಗ ಪಾದ ನೆಟ್ಟಗಿರುತ್ತದೆ. ಆಗ ಆ ಹಿಂಭಾಗ ಮೇಲಿನ ಎಲುಬಿನ ನೆರಳಿನಲ್ಲಿ ಅಡಗಿರುತ್ತದೆ. ಮೆಟ್ಟಿಲು ಇಳಿಯುವಾಗಲೂ ಬೆರಳೇ ಮೊದಲು ಊರುವುದು. ಅವಳು ಎಲ್ಲವನ್ನೂ ಹೇಳಿದ್ದಳು.

ಹಿಮ್ಮಡಿ ಎತ್ತಿ ನಿಲ್ಲಿಸಿ ತೆಗೆಯುವ ಒಂದು ಎಕ್ಸ್‌ರೇ ಭಂಗಿಯನ್ನು ಓದುವ ಕಾಲದಲ್ಲಿ ಪುಸ್ತಕದಲ್ಲಿ ನೋಡಿದ್ದೆ, ಎಂದೂ ಮಾಡಿಸಿರಲಿಲ್ಲ. ಖಾಜಾಸಾಬರು ಕಪಾಟಿನ ಅಡಿಗೆ ಕೊಟ್ಟಿದ್ದ ನಾಲ್ಕು ಸೆಂಟಿಮೀಟರ್ ದಪ್ಪದ ಮರದ ತುಂಡನ್ನು ಎಳೆದು ತಂದು ಒರೆಸಿ, ಅವಳ ಹಿಮ್ಮಡಿಯ ಕೆಳಗೆ ಇಟ್ಟರು. "ನಿಮಗ ಗೊತ್ತಿತ್ತಲ್ಲ ಖಾಜಾಸಾಬ್ರ, ನಾಟಿ ಹಿಂದಕ್ಕ ಹೋಗತೈತಿ ಅಂತ?" ಎಂದು ಕೇಳಿದೆ. "ಗೊತ್ತಿಲ್ದ ಏನ್ರಿ ಸಾಹೇಬ್ರ. ನೀವು ಕೇಳಲಿಲ್ಲ, ನಾ ಹೇಳಲಿಲ್ಲ" ಎಂದರು.

ಚಿತ್ರ ಮಾನಿಟರಿಗೆ ಬಂತು. ಟೇಲಸ್ಸಿನ ನೆತ್ತಿಯ ಹಿಂಬದಿ, ಒಳಮಗ್ಗುಲಿನ ಅಂಚಿನಲ್ಲಿ ಒಂದು ಸಣ್ಣ ಕಪ್ಪು ಕುಳಿ ಇತ್ತು, ಅದರೊಳಗೆ ಬಿಡಿಯಾದ ಎಲುಬಿನ ಚೂರು. ನಾಲ್ಕು ವರ್ಷದಿಂದ ಅಲ್ಲೇ ಇದ್ದದ್ದು. ನನ್ನ ಮಂಪರೆಲ್ಲ ಇಳಿದುಹೋಯಿತು, ನಾಚಿಕೆಯಾಯಿತು. ಮತ್ತೆ ಹಳೆಯ ಚಿತ್ರಗಳನ್ನು ತೆರೆದು ನೋಡಿದರೆ ಪಕ್ಕದಿಂದ ತೆಗೆದದ್ದರಲ್ಲಿ ಅದೇ ಜಾಗದಲ್ಲಿ ತೆಳ್ಳನೆಯ ಮಸುಕು ಕಂಡಿತು. ಗೊತ್ತಾದ ಮೇಲೆ ಎಲ್ಲವೂ ಕಾಣುತ್ತದೆ.

ಮರುದಿನ ಎಂ.ಆರ್.ಐ. ಮಾಡಿದೆವು, ಯಾಕೆಂದರೆ ಕಾರ್ಟಿಲೇಜಿನ ಗತಿ ಏನಾಗಿದೆ ಎಂದು ತಿಳಿಯುವುದು ಅದರಲ್ಲೇ. ಮೈಮೇಲಿನ ಲೋಹವೆಲ್ಲ ತೆಗೆಯಬೇಕು. ಕಾಲುಂಗುರ ತೆಗೆಯಲು ಹುಲಿಗೆಮ್ಮ ಹಿಂಜರಿದಳು. ಆಮೇಲೆ ಸೆರಗಿನ ಗಂಟಿನಿಂದ ಅರಿಸಿನ ಹಚ್ಚಿದ ದಾರ ತೆಗೆದು ಬೆರಳಿಗೆ ಕಟ್ಟಿಕೊಂಡು, ಉಂಗುರ ತೆಗೆದು ಖಾಜಾಸಾಬರ ಕೈಗಿಟ್ಟಳು. ಬರುವಾಗಲೇ ತಯಾರಾಗಿ ಬಂದಿದ್ದಳು. ಕಾಲಿನ ಎಂ.ಆರ್.ಐ.ಗೆ ಕಾಲು ಮೊದಲಾಗಿ ಯಂತ್ರದೊಳಗೆ ಹೋಗುತ್ತದೆ, ಮುಖ ಹೊರಗೆ ಉಳಿಯುತ್ತದೆ. ಇಪ್ಪತ್ತೆಂಟು ನಿಮಿಷ ಯಂತ್ರ ಬಡಿಯಿತು, ಗುಡುಗಿತು. ಗಾಜಿನ ಈಚೆಯಿಂದ ನೋಡಿದರೆ ಅವಳು ಗಾಢ ನಿದ್ದೆಯಲ್ಲಿದ್ದಳು.

"ಭಾಳ ದಿನಕ್ಕ ಛಲೋ ನಿದ್ದಿ ಹತ್ತಿತ್ರಿ," ಎಂದಳು ಹೊರಗೆ ಬಂದು. "ಕನಸಿನ್ಯಾಗ ನಾ ಮುಂದ ಮುಂದ ನಡಕೋತ ಸಸಿ ಹಚ್ಚಾಕತ್ತಿದ್ದೆ. ಒಂದೂ ತುಳೀಲಿಲ್ಲ ನೋಡ್ರಿ. ಕಾಲ ನೆಲಕ್ಕ ತಾಕವಲ್ದು."

ಈ ಗಾಯಕ್ಕೆ ಆಸ್ಟಿಯೋಕಾಂಡ್ರಲ್ ಲೀಶನ್ ಎನ್ನುತ್ತೇವೆ: ಕಾರ್ಟಿಲೇಜಿಗೂ ಅದರ ಅಡಿಯ ಎಲುಬಿಗೂ ಒಟ್ಟಿಗೆ ಆದ ಪೆಟ್ಟು. ಹನ್ನೊಂದು ಮಿಲಿಮೀಟರ್ ಉದ್ದ, ಎಂಟು ಅಗಲ, ಆರು ಆಳ. ಹೊದಿಕೆ ಬಿರಿದು, ಕೀಲಿನ ನೀರು ಎಲುಬಿನ ಚೂರಿನ ಕೆಳಗೆ ಹೋಗಿ ನಿಂತಿತ್ತು. ಅಂದರೆ ಚೂರು ಸಡಿಲವಾಗಿದೆ, ತಾನಾಗಿ ಕೂಡಿಕೊಳ್ಳುವುದಿಲ್ಲ. ಹಿಂದೆ ಸರಿದ ಪ್ರತಿ ಹೆಜ್ಜೆಗೂ ಆ ಚೂರು ಅಲುಗಾಡುತ್ತಿತ್ತು.

ಅವಳಿಗೆ ಮಾನಿಟರಿನಲ್ಲಿ ತೋರಿಸಿ, ಗಾಯ ಇದೆ ಎಂದೆ. ಅವಳು ಆ ಬೂದು ಚಿತ್ರವನ್ನೇ ದಿಟ್ಟಿಸಿದಳು.

"ಐತಿ ಅಂತೀರಿ?"

"ಐತ್ರಿ."

"ಖರೇನ ಐತಿ?"

ಹೌದೆಂದೆ. ಅವಳು ಸೆರಗು ಬಾಯಿಗೆ ಒತ್ತಿಕೊಂಡು ಅತ್ತಳು, ಅಳುತ್ತಲೇ ನಕ್ಕಳು. ಗಾಯ ಇದೆ ಎಂದಾಗ ಇಷ್ಟು ಸಂತೋಷಪಟ್ಟ ರೋಗಿಯನ್ನು ನಾನು ಅದುವರೆಗೆ ನೋಡಿರಲಿಲ್ಲ. ಹೊಸ ವರದಿ ಬರೆದು ಕೊಡುತ್ತೇನೆ ಎಂದೆ. ಅವಳು ಕಣ್ಣೊರೆಸಿಕೊಂಡು ತಲೆಯಾಡಿಸಿದಳು.

"ಆ ಹಾಳಿನೂ ನಿಮ್ದ, ಈ ಹಾಳಿನೂ ನಿಮ್ದ. ಯಾವುದು ಖರೇ ಅಂತ ಕೇಳ್ತಾಳ ನಮ್ಮಕ್ಕ. ನೀವ ಬಂದು ಹೇಳ್ರಿ."

ಡಾಕ್ಟರುಗಳು ಗದ್ದೆಗೆ ಹೋಗಿ ತಪ್ಪೊಪ್ಪಿಕೊಳ್ಳುವ ಪದ್ಧತಿಯೂ ಇಲ್ಲ. ಎರಡು ದಿನ ನಾನು ಏನೇನೋ ನೆಪ ಹೂಡಿಕೊಂಡೆ. ಮೂರನೆಯ ದಿನ ಭಾನುವಾರ. ನೆಪಗಳು ಮುಗಿದಿದ್ದವು, ಬೆಳಿಗ್ಗೆ ಮರಳಿಗೆ ಹೋದೆ.

ಗದ್ದೆಗೆ ನೀರು ಕಟ್ಟಿದ್ದರು. ಆಕಾಶ ಪೂರ್ತಿ ಕೆಳಗೆ ಇಳಿದು ಮಲಗಿತ್ತು. ಮೋಡ ಎಲ್ಲಿ ಮುಗಿದು ಕೆಸರು ಎಲ್ಲಿ ಶುರುವಾಗುತ್ತದೆ ಎಂದು ಗೊತ್ತಾಗುತ್ತಿರಲಿಲ್ಲ. ಆ ಮೋಡದ ನಡುವೆ ಹನ್ನೊಂದು ಹೆಂಗಸರು ಬಗ್ಗಿ ನಿಂತಿದ್ದರು. ಹುಲಿಗೆಮ್ಮ ಬದುವಿನ ಮೇಲೆ ಸಸಿಯ ಕಟ್ಟುಗಳ ಪಕ್ಕ ಕೂತಿದ್ದಳು. ನಾನು ಜೋರಾಗಿ ನಮಸ್ಕಾರ ಎಂದೆ. ಯಾರೂ ಮೈ ನೆಟ್ಟಗೆ ಮಾಡಲಿಲ್ಲ.

"ತಡೀರಿ. ಬದುವಿಗೆ ಬರ್ತಾರ," ಎಂದಳು ಹುಲಿಗೆಮ್ಮ.

ಇಪ್ಪತ್ತು ನಿಮಿಷ ನಿಂತೆ. ಹನ್ನೊಂದು ಬೆನ್ನುಗಳು ನನ್ನ ಕಡೆಗೆ ಒಂದೊಂದೇ ಹೆಜ್ಜೆ ಬರುತ್ತಿದ್ದವು. ಅವರ ಎದುರಿಗೆ ಹಸಿರು ಬೆಳೆಯುತ್ತಿತ್ತು, ಹಿಂದೆ ನೀರು ಕಡಿಮೆಯಾಗುತ್ತಿತ್ತು. ಮಾತು ಇಲ್ಲ, ನೀರಿನಲ್ಲಿ ಕಾಲು ಎತ್ತಿಡುವ ಸದ್ದು ಮಾತ್ರ. ಅದನ್ನು ನೋಡುತ್ತ ನಾನು ಹೇಳಬೇಕೆಂದು ಕಟ್ಟಿಕೊಂಡು ಬಂದಿದ್ದ ಮಾತೆಲ್ಲ ಕರಗಿಹೋಯಿತು. ಕೊನೆಗೆ ಸಾಲು ಬದುವಿಗೆ ತಾಕಿತು. ಅವರು ಸೊಂಟಕ್ಕೆ ಕೈಕೊಟ್ಟು ಎದ್ದು, ತಿರುಗಿ ನನ್ನನ್ನು ನೋಡಿದರು. ನಡುವೆ ನಿಂತಿದ್ದ ಎತ್ತರದ ಹೆಂಗಸೇ ದ್ಯಾವಮ್ಮ ಎಂದು ಯಾರೂ ಹೇಳಬೇಕಾಗಿರಲಿಲ್ಲ.

"ನಾ ಗಂಗಾವತಿ ಸ್ಕ್ಯಾನಿಂಗ್ ಡಾಕ್ಟರ್ರಿ," ಎಂದೆ. "ಹುಲಿಗೆಮ್ಮನ ಕಾಲಾಗ ಏನೂ ಇಲ್ಲ ಅಂತ ಎರಡು ಸಲ ಬರದಾಂವ ನಾನ. ಅದು ತಪ್ಪು. ಗಾಯ ಐತಿ. ನನಗ ಕಾಣಲಿಲ್ಲ."

ದ್ಯಾವಮ್ಮ ನನ್ನನ್ನು ಮೇಲಿಂದ ಕೆಳಗೆ ನೋಡಿದಳು.

"ಕಾಣಲಿಲ್ಲ ಅಂದ್ರ, ಇಲ್ಲ ಅಂತ ಯಾಕ ಬರದ್ರಿ?"

ಅವಳು ಉತ್ತರಕ್ಕೆ ಕಾಯಲಿಲ್ಲ.

ಕಾಲುವೆಯ ನೀರಿನಲ್ಲಿ ಕೈ ತೊಳೆದು ಬದು ಹತ್ತಿ ಬಂದು, ಹುಲಿಗೆಮ್ಮನ ಎದುರು ಕುಕ್ಕರುಗಾಲಲ್ಲಿ ಕೂತಳು. ಅವಳ ಬಲಪಾದವನ್ನು ತನ್ನ ಮೊಣಕಾಲ ಮೇಲೆ ಇಟ್ಟುಕೊಂಡು, ಬೆರಳುಗಳನ್ನು ಕೆಳಮುಖವಾಗಿ ಬಗ್ಗಿಸಿ, ಒಳಗಿನ ಗಿಣ್ಣಿನ ಹಿಂದೆ ಹೆಬ್ಬೆರಳು ಒತ್ತಿದಳು. ಹುಲಿಗೆಮ್ಮ "ಯವ್ವಾ" ಎಂದು ಕಾಲು ಎಳೆದುಕೊಳ್ಳಲು ನೋಡಿದಳು. ಗಾಯ ಇದ್ದದ್ದು ಅಲ್ಲಿಯೇ. ಹೀಗೆ ಮುಟ್ಟಿ ನೋಡಲು ಯಂತ್ರ ಬೇಕಿರಲಿಲ್ಲ; ಆದರೆ ಎರಡು ವರ್ಷದಲ್ಲಿ ನಾವು ಯಾರೂ ಮುಟ್ಟಿ ನೋಡಿರಲಿಲ್ಲ.

ದ್ಯಾವಮ್ಮ ಆ ಪಾದವನ್ನು ಬಿಡಲಿಲ್ಲ.

"ಹದಿನೆಂಟು ವರ್ಷ ನನ್ನ ಮಗ್ಗಲದಾಗ ನಿಂತು ಹಚ್ಚಿದಾಕಿ," ಎಂದಳು, ಯಾರಿಗೆ ಹೇಳಿದಳೋ. "ಅಕಿ ಹೇಳಿದ್ದನ್ನ ನಂಬಲಿಲ್ಲ ನಾ. ಹಾಳಿ ಹೇಳಿದ್ದನ್ನ ನಂಬಿದೆ."

ಹುಲಿಗೆಮ್ಮ "ಇರಲಿ ಬಿಡಕ್ಕ" ಎಂದಳು. ಆದರೆ ದ್ಯಾವಮ್ಮ ಎದ್ದು ಉಳಿದವರ ಕಡೆ ತಿರುಗಿದಳು. "ಇನ್ನೊಮ್ಮೆ ಕಳ್ಳಬ್ಯಾನಿ ಅಂದ್ರ ನೋಡ್ರಿ. ಅಕಿ ಕಾಲು ನೆಟ್ಟಗಾಗೋ ತನಕ ಅಕಿ ಪಟ್ಟಿ ನಾ ಹಚ್ಚತೀನಿ." ಅಷ್ಟು ಹೇಳಿ ಗದ್ದೆಗೆ ಇಳಿದಳು. ಮುಂದಿನ ಗದ್ದೆಯಲ್ಲಿ ಸಾಲು ಶುರುವಾದಾಗ ಅವಳು ಎರಡು ಪಟ್ಟಿ ಹಿಡಿದಿದ್ದಳು. ಎಡಕ್ಕೆ ಬಾಗಿ, ಬಲಕ್ಕೆ ಬಾಗಿ, ಎರಡರಷ್ಟು ವೇಗದಲ್ಲಿ ಹಚ್ಚುತ್ತ, ಉಳಿದವರ ಸಮಕ್ಕೇ ಹಿಂದೆ ಸರಿಯುತ್ತಿದ್ದಳು. ನಾನು ಅದನ್ನು ನೋಡುತ್ತ ಅಲ್ಲಿ ಎಷ್ಟು ಹೊತ್ತು ನಿಂತಿದ್ದೆನೋ ಈಗ ನೆನಪಿಲ್ಲ.

ಆಪರೇಷನ್ ಹುಬ್ಬಳ್ಳಿಯಲ್ಲಾಯಿತು. ಸಣ್ಣ ರಂಧ್ರದ ಮೂಲಕ ದುರ್ಬೀನು ತೂರಿಸಿ ಮಾಡುವ ಆರ್ಥ್ರೋಸ್ಕೋಪಿ. ಸಡಿಲಾದ ಚೂರನ್ನು ತೆಗೆದು, ಎಲುಬಿನಲ್ಲಿ ಸೂಜಿಯಷ್ಟು ತೂತುಗಳನ್ನು ಮಾಡಿದರು. ಅಲ್ಲಿಂದ ಒಸರಿದ ರಕ್ತ ಹೆಪ್ಪುಗಟ್ಟಿ ಹೊಸ ಹೊದಿಕೆಯಾಗಬೇಕು. ಮೊದಲಿನಷ್ಟು ನುಣುಪಲ್ಲದಿದ್ದರೂ ಕೆಲಸ ನಡೆಸುವಂಥದ್ದು. ಆರು ವಾರ ಆ ಕಾಲಿಗೆ ಭಾರ ಕೊಡುವಂತಿರಲಿಲ್ಲ. ಆ ಹಂಗಾಮು ಮುಗಿಯುವವರೆಗೆ ದ್ಯಾವಮ್ಮ ಎರಡು ಪಟ್ಟಿ ಹಚ್ಚಿದಳು ಎಂದು ಆಮೇಲೆ ಕೇಳಿದೆ.

ಗದ್ದೆಯಿಂದ ಬಂದ ಮೇಲೆ ನಾನು ಕೋಣೆಯ ಪರದೆಯನ್ನು ತೆಗೆಸಲಿಲ್ಲ. ಕತ್ತಲಿಲ್ಲದೆ ಚಿತ್ರ ಸರಿಯಾಗಿ ಕಾಣುವುದಿಲ್ಲ. ಆದರೆ ಸ್ಟೂಲು ಗೋಡೆಯ ಪಕ್ಕದಿಂದ ಮೇಜಿನ ಎದುರಿಗೆ ಬಂತು. ಕೈಕಾಲು ನೋವೆಂದು ಬಂದವರನ್ನು ಕರೆಸಿ, ನೀವು ದಿನವೂ ಮಾಡುವ ಕೆಲಸವನ್ನು ಮಾಡಿ ತೋರಿಸಿ ಎನ್ನುತ್ತೇನೆ. ಕುಷ್ಟಗಿಯ ನೇಕಾರರೊಬ್ಬರು ಇಲ್ಲದ ಮಗ್ಗವನ್ನು ತುಳಿದು ತೋರಿಸಿದ್ದಾರೆ. ಹನುಮನಹಳ್ಳಿಯ ಹೋಟೆಲಿನ ಅಡುಗೆಯವರು ಗಾಳಿಯಲ್ಲಿ ದೋಸೆ ಮಗುಚಿದ್ದಾರೆ. ದ್ಯಾವಮ್ಮನ ಪ್ರಶ್ನೆಗೆ ನನ್ನ ಬಳಿ ಇನ್ನೂ ಉತ್ತರವಿಲ್ಲ. ಆ ಪ್ರಶ್ನೆ ಇನ್ನೊಮ್ಮೆ ಬರದಂತೆ ಬರೆಯಲು ಮಾತ್ರ ಪ್ರಯತ್ನಿಸುತ್ತಿದ್ದೇನೆ.

ಮರುವರ್ಷ ನಾಟಿ ಮುಗಿದ ಮೇಲೆ ಹುಲಿಗೆಮ್ಮ ತಪಾಸಣೆಯ ಎಂ.ಆರ್.ಐ.ಗೆ ಬಂದಳು. ಕುಳಿ ಬಹುಪಾಲು ತುಂಬಿತ್ತು, ಎಲುಬಿನೊಳಗಿನ ನೀರು ಇಂಗಿತ್ತು. ನಾನು ಕೀಬೋರ್ಡಿಗೆ ಕೈ ಹಚ್ಚಿದ್ದೆ.

"ಈ ಸಲ ಏನ್ ಬರಿತೀರಿ?" ಎಂದಳು.

"ಮೊದಲ ನೀವ ಹೇಳ್ರಿ. ಆಮ್ಯಾಲ ನಾ ಬರಿತೀನಿ."

ಅವಳು ಪಾದವನ್ನು ಮೇಲೆ ಕೆಳಗೆ ಆಡಿಸಿ ನೋಡಿದಳು.

"ಹೊತ್ತು ಇಳಿಯೋ ತನಕ ಏನೂ ಇಲ್ರಿ. ಆಮ್ಯಾಲ ಕಾಲಿಗೆ ಒಂದೀಟು ನೆನಪಾಗತೈತಿ."

ವರದಿಯ ಮೊದಲ ಸಾಲಾಗಿ ಅದನ್ನೇ, ಅವಳು ಹೇಳಿದ ಹಾಗೆಯೇ, ಕನ್ನಡದಲ್ಲಿ ಬರೆದೆ. ಚಿತ್ರದಲ್ಲಿ ನನಗೆ ಕಂಡದ್ದನ್ನು ಅದರ ಕೆಳಗೆ ಬರೆದೆ.